ಬಲಭುಜದ ಬಂದ್

ಮುಂಬಯಿಯಲ್ಲಿ ಇಷ್ಟು ವರ್ಷ ಇದ್ದವರಿಗೆ ಬಂದ್ ಅಂದರೆ ಹೊಸದೇನಲ್ಲ ಬಿಡಿ. ರಿಕ್ಷಾ ಬಂದ್ ನೋಡಿದ್ದೇವೆ, ಬೆಸ್ಟ್ ಬಸ್ಸಿನವರ ಮುಷ್ಕರ ನೋಡಿದ್ದೇವೆ, 2005ರ ಜುಲೈ 26ರ ಮಳೆಗೆ ಇಡೀ ಊರೇ ನಿಂತುಹೋದದ್ದನ್ನೂ ನೋಡಿದ್ದೇವೆ. ಎಲ್ಲ ಒಂದು ದಿನ, ಹೆಚ್ಚೆಂದರೆ ವಾರ. ಆಮೇಲೆ ನಮ್ಮ ಫಾಸ್ಟ್ ಲೋಕಲ್ ಬಂದೇ ಬರುತ್ತದೆ, ನಾವು ನುಗ್ಗಿಯೇ ನುಗ್ಗುತ್ತೇವೆ. ಆದರೆ ನನ್ನ ಬಲಭುಜ ಹೂಡಿದ ಬಂದ್ ಇದೆಯಲ್ಲ, ಅದು ನಡೆದದ್ದು ಬರೋಬ್ಬರಿ ಒಂದೂವರೆ ವರ್ಷ! 2022ರ ದೀಪಾವಳಿಗೆ ಶುರುವಾದದ್ದು 2024ರ ಯುಗಾದಿ ಹೊತ್ತಿಗೆ ಮುಗಿಯಿತು. ಈಚೆಗೆ ಕನ್ನಡದವರು ನಾಲ್ಕು ಜನ ಸೇರಿದಲ್ಲೆಲ್ಲ ಯಾರಾದರೊಬ್ಬರು ಭುಜ ಹಿಡಿದುಕೊಂಡು “ನನಗೂ ಹಾಗೇ ಆಗಿದೆಯಲ್ಲೇ, ನೀನು ಏನು ಮಾಡಿದೆ?” ಅಂತ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲಿ ಬರೆದುಬಿಡೋಣ ಅನ್ನಿಸಿತು.

ನಾನು ಕುಮಟೆಯವಳು. 1989ರಲ್ಲಿ ಮದುವೆಯಾಗಿ ಡೊಂಬಿವಲಿಗೆ ಬಂದವಳು, ಅಂದಿನಿಂದ ಫೋರ್ಟ್‌ನ ಕಚೇರಿಗೆ ಲೋಕಲ್ಲಿನಲ್ಲಿ ಓಡಾಟ. ಮೂರು ದಶಕ ಲೇಡೀಸ್ ಡಬ್ಬಿಯ ಹಿಡಿಕೆಗೆ ಜೋತುಬಿದ್ದ ಕೈ ಇದು. ಹಾಗಾಗಿ ಕೈ ನೋಯುತ್ತಿದೆ ಅಂದಾಗ ಎಲ್ಲರೂ “ಲೋಕಲ್ಲಿನ ಉಡುಗೊರೆ” ಅಂದರು. ಆದರೆ ಎಲ್ಲೂ ಬಿದ್ದಿರಲಿಲ್ಲ, ಪೆಟ್ಟಾಗಿರಲಿಲ್ಲ, ಭಾರ ಎತ್ತಿರಲಿಲ್ಲ. ಮೊದಲು ಬಂದದ್ದು ರಾತ್ರಿಯ ನೋವು. ಬಲಕ್ಕೆ ಹೊರಳಿದರೆ ಸಾಕು, ಒಳಗೆ ಯಾರೋ ಕತ್ತರಿ ಹಾಕಿದ ಹಾಗೆ. ಆಮೇಲೆ ಒಂದೊಂದೇ ಕೆಲಸ ಕೈತಪ್ಪುತ್ತ ಹೋಯಿತು. ಅಟ್ಟದ ಡಬ್ಬ ಇಳಿಸುವುದು ಹೋಯಿತು, ಹಿಡಿಕೆ ಹಿಡಿಯುವುದು ಹೋಯಿತು, ಬೆನ್ನು ಉಜ್ಜುವುದು ಹೋಯಿತು. ಕೊನೆಗೆ ತಲೆ ಬಾಚುವುದೂ ಹೋಯಿತು!

ತಲೆ ಬಾಚುವ ಕತೆ ಹೇಳಲೇಬೇಕು. ನನ್ನ ಕೂದಲು ಇನ್ನೂ ಸೊಂಟದವರೆಗಿದೆ. ಆಯಿ ಎಣ್ಣೆ ಹಚ್ಚಿ ಬೆಳೆಸಿಕೊಟ್ಟದ್ದು, ಕತ್ತರಿಸಲು ಮನಸ್ಸಿಲ್ಲ. ಹಾಗಂತ ಕೈ ಕಿವಿಯ ತನಕವೂ ಹೋಗುತ್ತಿಲ್ಲ. ಇವರು ಎರಡು ದಿನ ನೋಡಿದರು, ಮೂರನೆಯ ದಿನ ಬಾಚಣಿಗೆ ಕೈಗೆ ತೆಗೆದುಕೊಂಡರು. ಮೊದಲ ಜಡೆ ತೆಂಗಿನ ಹಗ್ಗದ ಹಾಗಿತ್ತು. ಒಂದು ತಿಂಗಳಲ್ಲಿ ಕೈ ಕುದುರಿ, ಟ್ರೇನಿನ ಗೆಳತಿಯರು “ಯಾರು ಹೆಣೆದದ್ದೇ?” ಅಂತ ಕೇಳುವಷ್ಟು ಚೆನ್ನಾಗಿ ಹಾಕತೊಡಗಿದರು. ನಗು ಬರುತ್ತಿತ್ತು, ನಿಜ. ಆದರೆ ರವಿಕೆಯ ಹುಕ್ಕು ಹಾಕಲು, ಸೆರಗು ಹಿಂದಕ್ಕೆ ಎಳೆದುಕೊಳ್ಳಲು ಇನ್ನೊಬ್ಬರನ್ನು ಕರೆಯಬೇಕಾದಾಗ ನಗು ಬರುವುದಿಲ್ಲ. ಐವತ್ತನಾಲ್ಕಕ್ಕೇ ಹೀಗಾದರೆ ಮುಂದೆ ಹೇಗೆ ಅನ್ನುವ ಹೆದರಿಕೆ ರಾತ್ರಿಯ ನೋವಿಗಿಂತ ದೊಡ್ಡದು.

ಸಲಹೆಗಳಿಗಂತೂ ಬರವಿಲ್ಲ ನೋಡಿ. ಅತ್ತಿಗೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚು ಅಂದರು. ಪಕ್ಕದ ಫ್ಲ್ಯಾಟಿನ ಕಾಕು ಮಹಾನಾರಾಯಣ ತೈಲದ ಬಾಟಲಿ ತಂದುಕೊಟ್ಟರು. ಮೂರನೆಯ ಮಹಡಿಯವರು ಯಾವುದೋ ಹಾಡವೈದ್ಯನ ವಿಳಾಸ ಕೊಟ್ಟು “ಒಂದೇ ಎಳೆತ, ಕಟ್ ಅಂತ ಸದ್ದು, ಮುಗಿಯಿತು” ಅಂದರು. ಎಕ್ಸ್‌ರೇ ತೆಗೆಸಿದರೆ ಎಲುಬು ಅಚ್ಚುಕಟ್ಟಾಗಿದೆ. ಇದೊಂದು ದೊಡ್ಡ ಫಜೀತಿ! “ಎಕ್ಸ್‌ರೇಯಲ್ಲಿ ಏನೂ ಇಲ್ಲವಂತೆ” ಅನ್ನುವ ಮಾತು ಮನೆಯಿಂದ ಊರಿಗೆ, ಊರಿಂದ ನಾದಿನಿಯ ಮನೆಗೆ ಹೋಗಿ ಕೊನೆಗೆ “ಅವಳಿಗೆ ಏನೂ ಆಗಿಲ್ಲವಂತೆ” ಅಂತ ಆಗಿಬಿಡುತ್ತದೆ. ಕಾಣದ ನೋವಿಗೆ ಸಾಕ್ಷಿ ಎಲ್ಲಿಂದ ತರುವುದು?

ಸಾಕ್ಷಿ ಸಿಕ್ಕಿದ್ದು ಎಲುಬಿನ ಡಾಕ್ಟರ ಮೇಜಿನ ಎದುರು. ಅವರು ಮೊದಲು ನನ್ನ ಕೈಯನ್ನು ನಾನೇ ಎತ್ತಲು ಹೇಳಿದರು. ಆಮೇಲೆ ಅದೇ ಕೈಯನ್ನು ಸಡಿಲ ಬಿಡಲು ಹೇಳಿ ತಾವು ಎತ್ತಿದರು. ಎರಡು ಸಲವೂ ಕೈ ಅದೇ ಜಾಗದಲ್ಲಿ ನಿಂತಿತು. “ಫ್ರೋಜನ್ ಶೋಲ್ಡರ್” ಅಂದರು. ಇಷ್ಟೇ ಪರೀಕ್ಷೆ, ಆದರೆ ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಮಾಂಸಖಂಡವೋ ಅದನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜುವೋ ಸೋತಿದ್ದರೆ ನಾವು ಎತ್ತಲಾಗದ ಕೈಯನ್ನು ಬೇರೆಯವರು ಎತ್ತಬಹುದು. ಕೀಲೇ ಬಿಗಿದುಕೊಂಡಿದ್ದರೆ ಯಾರು ಎತ್ತಿದರೂ ಏಳುವುದಿಲ್ಲ.

ಭುಜದ ಕೀಲಿನ ಸುತ್ತ ಒಂದು ತೆಳುವಾದ ಚೀಲ ಇರುತ್ತದಂತೆ. ಕೈ ನಾಲ್ಕೂ ಕಡೆ ತಿರುಗಬೇಕಲ್ಲ, ಅದಕ್ಕೆ ಚೀಲ ಸಡಿಲವಾಗಿರುತ್ತದೆ, ಕಂಕುಳ ಕಡೆಗೆ ಮಡಿಕೆ ಕೂಡ ಇರುತ್ತದೆ. ದರ್ಜಿ ರವಿಕೆಯ ಕಂಕುಳಲ್ಲಿ ಸ್ವಲ್ಪ ಬಟ್ಟೆ ಹೆಚ್ಚು ಬಿಡುವುದಿಲ್ಲವೇ, ಹಾಗೆ. ಈ ಕಾಯಿಲೆಯಲ್ಲಿ ಆ ಚೀಲ ಊದಿಕೊಂಡು, ದಪ್ಪವಾಗಿ, ಕುಗ್ಗಿಬಿಡುತ್ತದೆ. ಒಗೆದು ಕುಗ್ಗಿದ ರವಿಕೆ ತೊಟ್ಟು ಕೈ ಎತ್ತಿ ನೋಡಿ, ಗೊತ್ತಾಗುತ್ತದೆ! ಹೆಂಗಸರಿಗೆ ನಾನು ಹೀಗೇ ವಿವರಿಸುವುದು, ತಟ್ಟನೆ ಅರ್ಥವಾಗುತ್ತದೆ.

ಇದಕ್ಕೆ ಫ್ರೋಜನ್ ಶೋಲ್ಡರ್ ಅಂತ ಹೆಸರಿಟ್ಟವರು ಅಮೆರಿಕದ ಅರ್ನೆಸ್ಟ್ ಕಾಡ್‌ಮನ್ ಎಂಬ ಶಸ್ತ್ರವೈದ್ಯ, 1934ರಲ್ಲಿ. ಕುಗ್ಗಿದ ಚೀಲವೇ ಇದರ ಮೂಲ ಅಂತ ತೋರಿಸಿ 1945ರಲ್ಲಿ ಇನ್ನೊಂದು ಹೆಸರು ಕೊಟ್ಟವರು ಜೂಲಿಯಸ್ ನೆವಿಯಾಸರ್. ಜಪಾನಿನವರದು ಇನ್ನೂ ಸರಳ, ಅವರು ‘ಐವತ್ತರ ಭುಜ’ ಅನ್ನುತ್ತಾರೆ. ಹೆಸರಿಗೆ ತಕ್ಕಂತೆ ನಲವತ್ತರಿಂದ ಅರುವತ್ತರ ಒಳಗಿನವರಿಗೇ ಹೆಚ್ಚು, ಅದರಲ್ಲೂ ಹೆಂಗಸರಿಗೆ ಹೆಚ್ಚು. ಥೈರಾಯ್ಡ್ ತೊಂದರೆ ಇದ್ದವರಿಗೂ ಬರುವುದುಂಟು. ಎಲ್ಲಕ್ಕಿಂತ ಹೆಚ್ಚು ಸಕ್ಕರೆ ಕಾಯಿಲೆಯವರಿಗೆ, ಉಳಿದವರಿಗೆ ಹೋಲಿಸಿದರೆ ಹಲವು ಪಟ್ಟು. ನನಗೆ ಸಕ್ಕರೆ ಬಂದು ಆಗಲೇ ಆರು ವರ್ಷವಾಗಿತ್ತು. ಲೋಕಲ್ಲಿನ ಹಿಡಿಕೆಯ ಮೇಲಿದ್ದ ಆರೋಪ ಅಲ್ಲಿಗೆ ಬಿದ್ದುಹೋಯಿತು ಅನ್ನಿ.

ಡಾಕ್ಟರು ಕೀಲಿನೊಳಗೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ರಾತ್ರಿಯ ನೋವು ಎಷ್ಟೋ ತಗ್ಗಿತು. ಸಕ್ಕರೆ ಇದ್ದವರಿಗೆ ಒಂದು ಮಾತು: ಈ ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಸಕ್ಕರೆ ಏರುತ್ತದೆ. ನನಗೂ ಏರಿತು. ಮೊದಲೇ ಹೇಳಿದ್ದರಿಂದ ದಿನಾ ಬೆರಳು ಚುಚ್ಚಿ ನೋಡಿಕೊಂಡೆ, ಒಂದು ವಾರದಲ್ಲಿ ಇಳಿಯಿತು. “ಇಂಜೆಕ್ಷನ್ ಬಾಗಿಲು ತೆರೆಯುತ್ತದೆ ಅಷ್ಟೇ, ಒಳಗೆ ಹೋಗುವುದು ವ್ಯಾಯಾಮದಿಂದ” ಅಂತ ಹೇಳಿ ಫಿಸಿಯೊಥೆರಪಿಗೆ ಕಳಿಸಿದರು.

ಸ್ಟೇಷನ್ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆಯ ಕ್ಲಿನಿಕ್. ನನ್ನ ಮಗಳ ವಯಸ್ಸಿನ ಮರಾಠಿ ಹುಡುಗಿ, ನಾಲ್ಕೂವರೆ ವರ್ಷ ಓದಿದವಳು. ಒಂದು ಸಲಕ್ಕೆ 400 ರೂಪಾಯಿ. ಮೊದಲ ದಿನ ಅವಳು ಮಾಡಿದ್ದು ಅಳತೆ. ಕಂಪಾಸ್ ಪೆಟ್ಟಿಗೆಯ ಕೋನಮಾಪಕಕ್ಕೆ ಎರಡು ಕೈ ಬಂದ ಹಾಗಿರುವ ಒಂದು ಪ್ಲಾಸ್ಟಿಕ್ ಪಟ್ಟಿ. ಮುಂದಕ್ಕೆ ಕೈ ಎತ್ತುವುದು 180 ಡಿಗ್ರಿ ಇರಬೇಕಾದಲ್ಲಿ 90. ಮೊಣಕೈ ಪಕ್ಕೆಗೆ ಒತ್ತಿಕೊಂಡು ಅಂಗೈಯನ್ನು ಹೊರಗೆ ತಿರುಗಿಸುವುದು ಬರೀ 10. ಹಿಂದಕ್ಕೆ ಕೈ ಹೋಗುವುದು ಸೊಂಟದ ಕೆಳಗೇ ನಿಂತಿತು. ಎಲ್ಲ ಒಂದು ನೋಟುಬುಕ್ಕಿನಲ್ಲಿ ಬರೆಸಿದಳು. ಹೊರಗೆ ತಿರುಗುವುದೇ ಮೊದಲು ಹೋಗುವುದಂತೆ, ಅದೇ ಈ ಕಾಯಿಲೆಯ ಗುರುತಂತೆ.

“ಎಷ್ಟು ದಿನಕ್ಕೆ ವಾಸಿ?” ಅಂತ ಕೇಳಿದೆ. ಅವಳು ಸುಳ್ಳು ಹೇಳಲಿಲ್ಲ. “ಆಂಟೀ, ಇದಕ್ಕೆ ಮೂರು ಹಂತ. ಮೊದಲು ನೋವು ಜಾಸ್ತಿ, ಆಮೇಲೆ ನೋವು ಕಡಿಮೆ ಆದರೆ ಬಿಗಿತ ಜಾಸ್ತಿ, ಕೊನೆಗೆ ನಿಧಾನಕ್ಕೆ ಕರಗುತ್ತದೆ. ಎಲ್ಲ ಸೇರಿ ಒಂದರಿಂದ ಮೂರು ವರ್ಷ” ಅಂದಳು. ನನ್ನ ಮುಖ ನೋಡಿ “ಆದರೆ ಹೆಚ್ಚಿನವರಿಗೆ ಕರಗಿಯೇ ಕರಗುತ್ತದೆ” ಅಂತ ಸೇರಿಸಿದಳು. ಆ ಎರಡನೇ ಮಾತು ಕೇಳಲಿಕ್ಕೇ 400 ರೂಪಾಯಿ ಕೊಡಬಹುದಿತ್ತು!

ಈಗ ವ್ಯಾಯಾಮಗಳ ವಿಷಯ. ಮೊದಲು ಹತ್ತು ನಿಮಿಷ ಬಿಸಿನೀರಿನ ಚೀಲದ ಶಾಖ. ಆಮೇಲೆ ಲೋಲಕ. ಎಡಗೈಯನ್ನು ಮೇಜಿಗೆ ಊರಿ, ಮುಂದೆ ಬಾಗಿ, ಬಲಗೈಯನ್ನು ಹಳೇ ಗಡಿಯಾರದ ಲೋಲಕದ ಹಾಗೆ ತೂಗಬಿಡುವುದು. ಹಿಂದೆ ಮುಂದೆ, ಅತ್ತ ಇತ್ತ, ಆಮೇಲೆ ಊಟದ ತಟ್ಟೆಯಷ್ಟು ಅಗಲದ ಸುತ್ತು. ಕೈಯಿಂದ ತೂಗುವುದಲ್ಲ, ಮೈ ತೂಗಿದಾಗ ಕೈ ತಾನಾಗಿ ತೂಗಬೇಕು. ಇದಕ್ಕೆ ಅದೇ ಕಾಡ್‌ಮನ್ ಸಾಹೇಬರ ಹೆಸರಿದೆ. ಎರಡನೆಯದು ಗೋಡೆ ಹತ್ತುವುದು: ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಹಲ್ಲಿಯ ಹಾಗೆ ಮೇಲೆ ಹತ್ತಿಸುವುದು. ಪ್ರತಿ ಭಾನುವಾರ ಮುಟ್ಟಿದ ಎತ್ತರಕ್ಕೆ ಪೆನ್ಸಿಲ್ಲಿನಲ್ಲಿ ಒಂದು ಗೆರೆ. ಅದೇ ಗೋಡೆಯ ಮೇಲೆ ಮಗಳ ಎತ್ತರ ಗುರುತು ಹಾಕಿದ ಗೆರೆಗಳೂ ಇದ್ದವು. ಅವಳ ಮೂರನೇ ಕ್ಲಾಸಿನ ಗೆರೆ ದಾಟಲು ನನಗೆ ಐದು ತಿಂಗಳು ಬೇಕಾಯಿತು.

ಮೂರನೆಯದಕ್ಕೆ ಕೊಡೆ ಸಾಕು. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಎರಡೂ ಕೈಯಲ್ಲಿ ಮಡಚಿದ ಉದ್ದ ಕೊಡೆ ಹಿಡಿದು, ಒಳ್ಳೆಯ ಕೈಯಿಂದ ಬಿಗಿದ ಕೈಯನ್ನು ಮೆಲ್ಲಗೆ ಹೊರಗೆ ತಳ್ಳುವುದು. ನಾಲ್ಕನೆಯದು ರಾಟೆ. ಬಾಗಿಲಿನ ಮೇಲೆ ಸಣ್ಣ ರಾಟೆ ಸಿಕ್ಕಿಸಿ, ಹಗ್ಗದ ಎರಡು ತುದಿ ಎರಡು ಕೈಯಲ್ಲಿ. ಎಡಗೈ ಕೆಳಗೆಳೆದರೆ ಬಲಗೈ ಮೇಲೇರುತ್ತದೆ. ಕುಮಟೆಯಲ್ಲಿ ಬಾವಿಯ ರಾಟೆ ಎಳೆದು ಬೆಳೆದವಳು ಡೊಂಬಿವಲಿಯ ಬೆಡ್‌ರೂಮಿನ ಬಾಗಿಲಲ್ಲಿ ನೀರಿಲ್ಲದ ಬಾವಿಯಿಂದ ನೀರೆಳೆಯುತ್ತ ಕೂತೆ! ಕೊನೆಯದು ಟವೆಲ್: ಸ್ನಾನದಲ್ಲಿ ಬೆನ್ನುಜ್ಜುವ ಹಾಗೆ ಹಿಂದೆ ಹಿಡಿದು ಮೇಲಿನ ಕೈಯಿಂದ ಕೆಳಗಿನ ಕೈಯನ್ನು ಎಳೆಯುವುದು. ಇದನ್ನು ಅವಳು ಕಲಿಸಿದ್ದು ಬಹಳ ತಡವಾಗಿ, ನೋವಿನ ಹಂತ ದಾಟಿದ ಮೇಲೆ. ಎಲ್ಲವೂ ದಿನಕ್ಕೆ ಎರಡು ಮೂರು ಸಲ, ಒಂದೊಂದಕ್ಕೆ ಕೆಲವೇ ನಿಮಿಷ.

ಎಷ್ಟು ನೋಯಿಸಿಕೊಳ್ಳಬೇಕು ಅನ್ನುವುದೇ ಎಲ್ಲರ ಪ್ರಶ್ನೆ. ಅವಳ ನಿಯಮ ಹೀಗಿತ್ತು: ಹತ್ತಕ್ಕೆ ಮೂರು ನಾಲ್ಕರಷ್ಟು ನೋವು ಪರವಾಗಿಲ್ಲ, ಆದರೆ ಸ್ವಲ್ಪ ಹೊತ್ತಿನಲ್ಲಿ ಇಳಿಯಬೇಕು. ರಾತ್ರಿ ನಿದ್ದೆ ಕೆಟ್ಟರೆ, ಬೆಳಿಗ್ಗೆಗೂ ನೋವು ಉಳಿದರೆ, ಮರುದಿನ ಅರ್ಧ ಮಾತ್ರ. ಹಲ್ಲು ಕಚ್ಚಿ ಎಳೆದರೆ ಬೇಗ ಬಿಡುತ್ತದೆ ಅನ್ನುವುದು ಈ ಕಾಯಿಲೆಯ ಮಟ್ಟಿಗೆ ನಿಜವಲ್ಲ. 2004ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ 77 ಜನರ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ನೋವಿನ ಮಿತಿಯೊಳಗೆ ಮೆಲ್ಲಗೆ ವ್ಯಾಯಾಮ ಮಾಡಿದವರು ಜೋರಾಗಿ ಎಳೆಸಿಕೊಂಡವರಿಗಿಂತ ಚೆನ್ನಾಗಿ ಚೇತರಿಸಿಕೊಂಡಿದ್ದರು. ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು, ಅದರಲ್ಲಿದ್ದವರು 503 ಜನ. ಇಂಜೆಕ್ಷನ್ ಜೊತೆ ಫಿಸಿಯೊಥೆರಪಿ, ಅರಿವಳಿಕೆ ಕೊಟ್ಟು ಭುಜ ತಿರುಗಿಸುವುದು, ದುರ್ಬೀನು ಹಾಕಿ ಚೀಲ ಬಿಡಿಸುವ ಶಸ್ತ್ರಚಿಕಿತ್ಸೆ, ಈ ಮೂರನ್ನೂ ಹೋಲಿಸಿ ನೋಡಿದರೆ ಒಂದು ವರ್ಷದ ಕೊನೆಗೆ ಯಾವುದೂ ಉಳಿದೆರಡಕ್ಕಿಂತ ಎದ್ದು ಕಾಣುವಷ್ಟು ಮೇಲಾಗಿರಲಿಲ್ಲ. ಹಾಗಿರುವಾಗ ಹಾಡವೈದ್ಯನ ‘ಕಟ್’ ಸದ್ದಿಗೆ ನಾನು ಯಾಕೆ ಹೋಗಲಿ ಹೇಳಿ?

ಅಂದ ಹಾಗೆ ಈ ವಿದ್ಯೆಗೂ ನಮ್ಮ ಮುಂಬಯಿಗೂ ಹಳೇ ನಂಟು. 1950ರ ದಶಕದ ಆರಂಭದಲ್ಲಿ, ಇಲ್ಲಿ ಪೋಲಿಯೊ ಹಾವಳಿ ಎದ್ದ ಕಾಲದಲ್ಲಿ, ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಫಿಸಿಯೊಥೆರಪಿ ಶಾಲೆ ಶುರುವಾಯಿತು. ದೇಶದಲ್ಲಿ ಮೊದಲನೆಯದು. 1955ರಲ್ಲಿ ಹಾಜಿ ಅಲಿಯ ಬಳಿ ಪುನರ್ವಸತಿಯ ರಾಷ್ಟ್ರೀಯ ಸಂಸ್ಥೆ ಬಂತು. ಕಾಲು ಸೋತ ಮಕ್ಕಳನ್ನು ನಡೆಸಲಿಕ್ಕೆ ಬೇರುಬಿಟ್ಟ ವಿದ್ಯೆ ಈಗ ನನ್ನಂಥವರ ಜಡೆ ಹೆಣೆಯಲು ಸಹಾಯಕ್ಕೆ ಬಂದಿದೆ. 2021ರ ಕೇಂದ್ರ ಕಾನೂನಿನಲ್ಲಿ ಫಿಸಿಯೊಥೆರಪಿಸ್ಟರಿಗೂ ಜಾಗ ಸಿಕ್ಕಿತು. ಆದರೂ ನಮ್ಮ ಸೊಸೈಟಿಯಲ್ಲಿ ಇನ್ನೂ “ಆ ಮಾಲೀಸಿನ ಹುಡುಗಿ” ಅನ್ನುವವರಿದ್ದಾರೆ. ಅವಳು ಒಂದು ದಿನವೂ ಮಾಲೀಸು ಮಾಡಲಿಲ್ಲ, ಅಳೆದಳು, ಕಲಿಸಿದಳು, ಕಾದಳು.

ಇಷ್ಟು ನನ್ನ ಕತೆ. ಆದರೆ ಬರೆಯಬೇಕು ಅನ್ನಿಸಿದ್ದು ಇದಕ್ಕಲ್ಲ.

ನಮ್ಮ ಮನೆಗೆ ಕೆಲಸಕ್ಕೆ ಬರುವವಳು ವಿಜಯಪುರ ಕಡೆಯವಳು, ಇಂಡಿ ತಾಲೂಕು. ನಮ್ಮ ಮನೆಯಲ್ಲಿ ಕನ್ನಡ ಮಾತಾಡುವ ಖುಷಿಗೇ ಹದಿಮೂರು ವರ್ಷದಿಂದ ಬರುತ್ತಿದ್ದಾಳೆ. ನಲವತ್ತೈದರ ಆಸುಪಾಸು. ಒಂದು ದಿನ ನಾನು ರಾಟೆ ಎಳೆಯುವಾಗ ಪೊರಕೆ ಹಿಡಿದು ನಿಂತು ನೋಡಿದಳು. “ಅಕ್ಕಾರ, ನಂದೂ ಕೈ ಎತ್ತಾಕ ಆಗವಲ್ದ್ರೀ. ಎರಡು ತಿಂಗಳಾತು. ರಾತ್ರಿ ನಿದ್ದಿ ಇಲ್ಲ. ಆ ಹಗ್ಗದ ಆಟ ನನಗೂ ಕಲಸ್ರಿ” ಅಂದಳು. ಎರಡು ತಿಂಗಳು! ಆರು ಮನೆಯ ಪಾತ್ರೆ, ನೆಲ, ಬಟ್ಟೆ ಮಾಡುತ್ತ ಒಂದು ಮಾತು ಹೇಳಿರಲಿಲ್ಲ. ಹೇಳಿದರೆ ಬೇರೆಯವರನ್ನು ಇಟ್ಟುಕೊಳ್ಳುತ್ತಾರೆ ಅನ್ನುವ ಭಯ.

ಸಂಜೆ ಕೊನೆಯ ಪೇಷಂಟು ಹೋದ ಮೇಲೆ ಅವಳನ್ನು ಆ ಹುಡುಗಿಯ ಹತ್ತಿರ ಕರೆದುಕೊಂಡು ಹೋದೆ. ಅದೇ ಪರೀಕ್ಷೆ. ತಾನೇ ಎತ್ತಿದರೆ ಕೈ ಭುಜದ ಮಟ್ಟದಲ್ಲಿ ನಿಂತು ನಡುಗಿತು. ಹುಡುಗಿ ಮೆಲ್ಲಗೆ ಹಿಡಿದು ಎತ್ತಿದರೆ ಕಿವಿಯ ಪಕ್ಕದವರೆಗೂ ಹೋಯಿತು! ಅಂದರೆ ಅವಳದು ನನ್ನ ಕಾಯಿಲೆಯೇ ಅಲ್ಲ. ಕೀಲು ಸಡಿಲವಾಗಿಯೇ ಇದೆ, ಕೈ ಎತ್ತುವ ಸ್ನಾಯುರಜ್ಜು ದುಡಿದು ದುಡಿದು ದಣಿದಿದೆ. ಫ್ಯಾನು ಒರೆಸುವುದು, ಕಪಾಟಿನ ಮೇಲೆ ಗುಡಿಸುವುದು, ಛಾವಣಿಯ ಕೆಳಗಿನ ತಂತಿಗೆ ಒದ್ದೆ ಬೆಡ್‌ಶೀಟು ಎಸೆಯುವುದು, ದಿನವೂ ಆರು ಮನೆಯಲ್ಲಿ. ನನ್ನ ರಾಟೆ, ಟವೆಲ್ಲಿನ ಎಳೆತ ಅವಳಿಗೆ ಬೇಡವೇ ಬೇಡ. ಅವಳಿಗೆ ಬೇಕಾದದ್ದು ಕೆಲವು ವಾರ ತಲೆಯ ಮೇಲಿನ ಕೆಲಸಕ್ಕೆ ಬಿಡುವು, ಜೊತೆಗೆ ಸ್ವಲ್ಪ ಸ್ವಲ್ಪವಾಗಿ ಶಕ್ತಿ ತುಂಬುವ ವ್ಯಾಯಾಮ. ಹುಡುಗಿ ಒಂದು ಉದ್ದ ರಬ್ಬರ್ ಪಟ್ಟಿ ಕತ್ತರಿಸಿ ಕೊಟ್ಟಳು. ಕಿಟಕಿಯ ಗ್ರಿಲ್ಲಿಗೆ ಕಟ್ಟಿ, ಮೊಣಕೈ ಪಕ್ಕೆಗೆ ಒತ್ತಿ ಎಳೆಯುವುದು. ಫೀಸು ತೆಗೆದುಕೊಳ್ಳಲಿಲ್ಲ.

ವಾಪಸು ಬರುವಾಗ ದಾರಿಯಲ್ಲಿ ಅವಳು ನಗತೊಡಗಿದಳು. “ಅಕ್ಕಾರ, ನಿಮ್ಮ ಕೈಗೆ ಕೆಲಸಾ ಕೊಡ್ರಿ ಅಂತಾರ, ನನ್ನ ಕೈಗೆ ಕೆಲಸಾ ಕಡಿಮಿ ಮಾಡ್ರಿ ಅಂತಾರ. ನಮ್ಮಿಬ್ಬರ ಕೈ ಅದಲಿ ಬದಲಿ ಮಾಡಿದ್ರ ಛಲೋ ಇತ್ತಲ್ರೀ!” ನಾನೂ ನಕ್ಕೆ. ಮನೆಗೆ ಬಂದು ಕೂತ ಮೇಲೆ ಆ ಮಾತು ನಗುವ ಮಾತಲ್ಲ ಅನ್ನಿಸಿತು. ರಬ್ಬರ್ ಪಟ್ಟಿ ಯಾರೂ ಕೊಡಬಹುದು. ಬಿಡುವು ಯಾರು ಕೊಡುತ್ತಾರೆ?

ಅವಳ ಆರು ಮನೆಗಳಲ್ಲಿ ನಮ್ಮದೊಂದು. ನಮ್ಮಲ್ಲಿ ಫ್ಯಾನು ಒರೆಸುವುದು, ಬಟ್ಟೆ ಹರವುವುದು ಅವತ್ತಿನಿಂದ ಇವರ ಪಾಲಿಗೆ ಬಂತು. (ಜಡೆ ಕಲಿತವರಿಗೆ ಬೆಡ್‌ಶೀಟು ಯಾವ ಲೆಕ್ಕ!) ಉಳಿದ ಐದು ಮನೆಗೆ ಅವಳ ಜೊತೆ ನಾನೇ ಹೋಗಿ ಮಾತಾಡಿದೆ. ಮೂರು ಮನೆಯವರು ತಕ್ಷಣ ಒಪ್ಪಿದರು, ಅದರಲ್ಲಿ ಒಬ್ಬರು ತಂತಿ ತೆಗೆಸಿ ನೆಲದ ಮೇಲೆ ನಿಲ್ಲುವ ಬಟ್ಟೆ ಸ್ಟ್ಯಾಂಡೇ ತಂದರು. ಒಂದು ಮನೆಯವರು “ನೋಡೋಣ” ಅಂದರು, ಏನೂ ಬದಲಾಗಲಿಲ್ಲ. ಇನ್ನೊಂದು ಮನೆಯವರು ತಿಂಗಳ ಕೊನೆಗೆ ಲೆಕ್ಕ ಚುಕ್ತಾ ಮಾಡಿ ಬೇರೆಯವಳನ್ನು ಇಟ್ಟುಕೊಂಡರು. ಆ ತಿಂಗಳು ಅವಳ ಮಗನ ಕೋಚಿಂಗ್ ಫೀಸು ಕಟ್ಟುವುದು ತಡವಾಯಿತು. ಭುಜದ ಕಾಯಿಲೆಯ ಖರ್ಚು ಅಂದರೆ ಔಷಧಿ ಚೀಟಿ ಮಾತ್ರ ಅಲ್ಲ ನೋಡಿ.

ಮೂರು ತಿಂಗಳಲ್ಲಿ ಅವಳ ಕೈ ತಲೆಯ ಮೇಲೆ ಏರಿತು. ನನ್ನದು ಇನ್ನೂ ಒಂದು ವರ್ಷ ತೆಗೆದುಕೊಂಡಿತು. ನೋಟುಬುಕ್ಕಿನಲ್ಲಿ 90 ಇದ್ದದ್ದು 120, 145 ಅಂತ ಏರುತ್ತ ಈಗ 170ಕ್ಕೆ ನಿಂತಿದೆ. ಹೊರಗೆ ತಿರುಗುವುದು 10ರಿಂದ 65. ಪೂರ್ತಿ ಮೊದಲಿನಂತೆ ಆಗಿಲ್ಲ, ಆದರೆ ಜಡೆಗೆ, ಹುಕ್ಕಿಗೆ, ಲೋಕಲ್ಲಿನ ಹಿಡಿಕೆಗೆ ಸಾಕು. ಕೆಲವರಿಗೆ ಮುಂದೆ ಇನ್ನೊಂದು ಭುಜಕ್ಕೂ ಬರುತ್ತದಂತೆ, ಹಾಗಾಗಿ ಭಾನುವಾರಗಳಲ್ಲಿ ಎಡಗೈಯನ್ನೂ ಗೋಡೆ ಹತ್ತಿಸುತ್ತೇನೆ.

ಇದನ್ನು ಓದಿ ನನ್ನ ವ್ಯಾಯಾಮಗಳನ್ನೇ ನೇರ ಶುರು ಮಾಡಬೇಡಿ. ಒಂದೇ ರೀತಿ ನೋಯುವ ಎರಡು ಭುಜಕ್ಕೆ ಎರಡು ಬೇರೆ ಚಿಕಿತ್ಸೆ ಅನ್ನುವುದನ್ನು ನಮ್ಮ ಮನೆಯಲ್ಲೇ ನೋಡಿದಿರಲ್ಲ. ಬಿದ್ದ ಮೇಲೆ ಕೈ ಏಳದಿದ್ದರೆ, ಜ್ವರದ ಜೊತೆ ಭುಜ ಊದಿ ಕೆಂಪಾದರೆ, ಕೈ ಜೋಮು ಹಿಡಿದು ಶಕ್ತಿ ಕಳೆದುಕೊಂಡರೆ ಮೊದಲು ಡಾಕ್ಟರ ಹತ್ತಿರ ಹೋಗಿ. ಭುಜದ ನೋವಿನ ಜೊತೆ ಎದೆ ಭಾರ, ಬೆವರು, ಉಸಿರುಗಟ್ಟುವುದು ಇದ್ದರೆ ಒಂದು ನಿಮಿಷ ಕಾಯದೆ ಆಸ್ಪತ್ರೆಗೆ ಓಡಿ, ಅದು ಹೃದಯದ್ದಿರಬಹುದು. ಐವತ್ತರ ಹತ್ತಿರ ಇದ್ದು ಭುಜ ಬಿಗಿಯುತ್ತಿದ್ದರೆ ಸಕ್ಕರೆಯನ್ನೂ ಒಮ್ಮೆ ನೋಡಿಸಿಕೊಳ್ಳಿ.

ಮತ್ತೊಂದು ಕೆಲಸ. ನಿಮ್ಮ ಮನೆಯ ಫ್ಯಾನು ಯಾರು ಒರೆಸುತ್ತಾರೋ ಅವರ ಕೈ ಎಷ್ಟು ಎತ್ತರ ಹೋಗುತ್ತದೆ, ಎತ್ತುವಾಗ ನೋಯುತ್ತದೆಯೇ ಅಂತ ಒಮ್ಮೆ ಕೇಳಿ ನೋಡಿ. ಅವರಾಗಿ ಹೇಳುವುದಿಲ್ಲ.